ವಾರಟಾ ಹಡಗಿನ ದಾರಿ ಕಾದಿದ್ದು

2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಮೀನುಗಾರಿಕೆಗೆ ಹೋದ ಸುವರ್ಣ ತ್ರಿಭುಜ ಬೋಟು ವಾಪಸ್ ಬರಲಿಲ್ಲ. ಅದರಲ್ಲಿ ಏಳು ಜನ ಇದ್ದರು. ಮಹಾರಾಷ್ಟ್ರದ ಮಾಲ್ವಣದ ಆಚೆ ಕಡಲಡಿಯಲ್ಲಿ ನೌಕಾಪಡೆಯವರಿಗೆ ಅದರ ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ನಡುವೆ ನಾಲ್ಕೂವರೆ ತಿಂಗಳು ನಮ್ಮ ಕಡೆ ದಿನಕ್ಕೊಂದು ಮಾತು. ಪೆಟ್ಟಿಗೆ ತೇಲಿ ಬಂತಂತೆ, ಯಾರೋ ಹಿಡಿದಿಟ್ಟಿದ್ದಾರಂತೆ. ಪ್ರತಿ 'ಅಂತೆ'ಗೂ ಆ ಮನೆಗಳಲ್ಲಿ ಒಮ್ಮೆ ಜೀವ ಬಂದು ಹೋಗುತ್ತಿತ್ತು.

ಹಳೇ ಹಡಗುಗಳ ಬಗ್ಗೆ ಓದುವ ಅಭ್ಯಾಸ ನನಗೆ ಮೊದಲಿನಿಂದಲೂ ಇತ್ತು. ಆದರೆ ಆ ಬೇಸಿಗೆಯ ನಂತರ ಓದುವ ರೀತಿ ಬದಲಾಯಿತು. ಮುಳುಗಿದ ಹಡಗಿನ ಕಥೆಯನ್ನು ಎಲ್ಲರೂ ಕೊನೆಯಿಂದ ಹೇಳುತ್ತಾರೆ. ಕಾಯುತ್ತಿದ್ದವರಿಗೆ ಆ ಕೊನೆ ಗೊತ್ತಿರಲಿಲ್ಲ ಅಲ್ವಾ? ಅವರಿಗೆ ಸುದ್ದಿ ಹೇಗೆ ಬಂತೋ ಅದೇ ಕ್ರಮದಲ್ಲಿ, ದಿನ ದಿನದ ಪತ್ರಿಕೆ ಓದಿ ನೋಡಬೇಕು ಅನ್ನಿಸಿತು.

ಇದಕ್ಕೆ ನಾನು ಆರಿಸಿಕೊಂಡಿದ್ದು 1909ರಲ್ಲಿ ಕಾಣೆಯಾದ ವಾರಟಾ. ಬ್ಲೂ ಆಂಕರ್ ಕಂಪನಿಯ ಹೊಸ ಹಡಗು, ಗ್ಲಾಸ್ಗೋದಲ್ಲಿ ಕಟ್ಟಿದ್ದು. ಲಂಡನ್ನಿಗೂ ಆಸ್ಟ್ರೇಲಿಯಾಕ್ಕೂ ನಡುವೆ ಅದರ ಎರಡನೇ ಪ್ರಯಾಣ ಅದು. ಜುಲೈ 7ರಂದು ಅಡಿಲೇಡ್ ಬಿಟ್ಟಿತು. ಜುಲೈ 26ರ ರಾತ್ರಿ ದಕ್ಷಿಣ ಆಫ್ರಿಕಾದ ಡರ್ಬನ್ ಬಿಟ್ಟು ಕೇಪ್‌ಟೌನ್ ಕಡೆ ಹೊರಟಿತು. 211 ಜನ. ವೈರ್‌ಲೆಸ್ ಇರಲಿಲ್ಲ. ಮರುದಿನ ಬೆಳಿಗ್ಗೆ ಕ್ಲಾನ್ ಮ್ಯಾಕಿಂಟೈರ್ ಅನ್ನುವ ಹಡಗನ್ನು ಹಿಂದೆ ಹಾಕಿತು. ಎರಡೂ ಹಡಗಿನವರು ಸಿಗ್ನಲ್‌ನಲ್ಲಿ ಮಾತಾಡಿಕೊಂಡರು. ಅದೇ ರಾತ್ರಿ ಗೆಲ್ಫ್ ಅನ್ನುವ ಇನ್ನೊಂದು ಹಡಗಿಗೆ ದೂರದಿಂದ ದೀಪದ ಸಂಕೇತ ಕಂಡಿತು. ಓದಲು ಆಗಿದ್ದು ಕೊನೆಯ ಮೂರು ಅಕ್ಷರ ಮಾತ್ರ: ಟಿ, ಎ, ಎಚ್. ಇಂಗ್ಲಿಷಿನಲ್ಲಿ ವಾರಟಾ ಹೆಸರು ಮುಗಿಯುವುದೂ ಹಾಗೇ. ಆಮೇಲೆ ಏನೂ ಇಲ್ಲ.

ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ಟ್ರೋವ್ ಜಾಲತಾಣದಲ್ಲಿ ಆ ಕಾಲದ ಪತ್ರಿಕೆಗಳು ಪುಟಸಮೇತ ಇವೆ, ದುಡ್ಡು ಕೊಡಬೇಕಿಲ್ಲ. ಹುಡುಕುವಾಗ ತಿಂಗಳು ಗೊತ್ತುಮಾಡಿ, ಹಳೆಯದು ಮೊದಲು ಬರುವ ಹಾಗೆ ಜೋಡಿಸಿಕೊಂಡೆ. ರಾತ್ರಿ ಊಟ ಆದ ಮೇಲೆ ಒಂದೇ ದಿನದ ಪತ್ರಿಕೆಗಳು, ಅಷ್ಟೇ. ಮುಂದಿನ ದಿನಕ್ಕೆ ಹೋಗುವ ಹಾಗಿಲ್ಲ.

ಪುಟದ ಚಿತ್ರದ ಪಕ್ಕದಲ್ಲಿ ಕಂಪ್ಯೂಟರ್ ಓದಿದ ಅಕ್ಷರ ಇರುತ್ತದೆ. ಹಳೇ ಅಚ್ಚು ಮಾಸಿದ ಕಡೆ ಅದು ತಪ್ಪು ಓದಿರುತ್ತದೆ. ಓದುಗರು ಯಾರು ಬೇಕಾದರೂ ಸಾಲು ಸಾಲಾಗಿ ತಿದ್ದಬಹುದು. ನಾನೂ ತಿದ್ದತೊಡಗಿದೆ. ಸುಮ್ನೆ ಓದಿದರೆ ಕಣ್ಣು ಜಾರಿ ಹೋಗುತ್ತದೆ, ತಿದ್ದುವಾಗ ಒಂದೊಂದು ಪದದ ಮೇಲೂ ನಿಲ್ಲಬೇಕು. ಶುರುವಿನಲ್ಲಿ ಒಂದು ತಪ್ಪು ಮಾಡಿದೆ. ವಾರಟಾದ ಕ್ಯಾಪ್ಟನ್ ಇಲ್ಬರಿಯ ಹೆಸರಿನಲ್ಲಿ ಒಂದು 'ಆರ್' ಜಾಸ್ತಿ ಅಚ್ಚಾಗಿದ್ದ ಕಡೆ ಅದನ್ನು ಸರಿಮಾಡಿಬಿಟ್ಟೆ. ಹಾಗೆ ಮಾಡಬಾರದು. ಅಚ್ಚಿನಲ್ಲಿ ಇರುವ ಹಾಗೇ ಬರೆಯಬೇಕು, ಪತ್ರಿಕೆಯ ತಪ್ಪೂ ದಾಖಲೆಯೇ. ಹಿಂದೆ ಹೋಗಿ ಮತ್ತೆ ಮೊದಲಿನಂತೆ ಮಾಡಿದೆ.

ಇನ್ನೊಂದು ತೊಂದರೆ ಎಂದರೆ ಕಂಪ್ಯೂಟರ್ 'ವಾರಟಾ'ವನ್ನೇ ತಪ್ಪಾಗಿ ಓದಿದ್ದರೆ ಆ ಸುದ್ದಿ ಹುಡುಕಿದರೂ ಸಿಗುವುದಿಲ್ಲ. ಅದಕ್ಕೆ 'ಇಲ್ಬರಿ', 'ಬ್ಲೂ ಆಂಕರ್', 'ಡರ್ಬನ್' ಅಂತ ಬೇರೆ ಬೇರೆ ಪದ ಹಾಕಿ ಹುಡುಕಿದೆ. ಹೀಗೆ ಸಿಕ್ಕಿದ್ದೇ ಎಷ್ಟೋ.

ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಮೂರು ಕಾಲಂ ಮಾಡಿಕೊಂಡಿದ್ದೆ. ಪತ್ರಿಕೆಯ ತಾರೀಕು, ಘಟನೆ ನಡೆದ ತಾರೀಕು, ತಂತಿ ಎಲ್ಲಿಂದ ಬಂತು. ಈ ಮೂರನೆಯದು ಬಹಳ ಮುಖ್ಯ. ಒಂದೇ ತಂತಿಯನ್ನು ಹತ್ತಾರು ಪತ್ರಿಕೆ ಹಾಕಿರುತ್ತವೆ. ಅದನ್ನು ಹತ್ತು ಸಾಕ್ಷಿ ಅಂದುಕೊಂಡರೆ ದಾರಿ ತಪ್ಪುತ್ತೇವೆ. ಮೂಲ ಒಂದೇ.

ಆಗಸ್ಟ್ ಮೊದಲ ವಾರದ ಪತ್ರಿಕೆಗಳಲ್ಲಿ ಗಾಬರಿಗಿಂತ ಧೈರ್ಯವೇ ಜಾಸ್ತಿ. ಅದಕ್ಕೆ ಕಾರಣವೂ ಇತ್ತು. 1899ರಲ್ಲಿ ವೈಕಾಟೋ ಅನ್ನುವ ಹಡಗು ಇದೇ ಕಡಲಲ್ಲಿ ಕೆಟ್ಟು ನಿಂತು, ನೂರು ದಿನಕ್ಕೂ ಜಾಸ್ತಿ ತೇಲಿ, ಕೊನೆಗೆ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್ ಬಂದರು ಸೇರಿತ್ತು. ಹಾಗಾದರೆ ವಾರಟಾ ಯಾಕೆ ಬರಬಾರದು?

ಆಗಸ್ಟ್ 10ಕ್ಕೆ ಬಂದೆ. ಬ್ಲೂ ಆಂಕರ್ ಹಡಗೊಂದು ದೂರದಲ್ಲಿ ಕಂಡಿದೆ, ನಿಧಾನವಾಗಿ ಡರ್ಬನ್ ಕಡೆ ಬರುತ್ತಿದೆ ಅಂತ ದಕ್ಷಿಣ ಆಫ್ರಿಕಾದಿಂದ ತಂತಿ. ಆಸ್ಟ್ರೇಲಿಯಾದ ಸಂಸತ್ತಿನಲ್ಲಿ ಕಲಾಪ ನಿಲ್ಲಿಸಿ ಆ ಸುದ್ದಿ ಹೇಳಿದರು. ಅಡಿಲೇಡ್‌ನಲ್ಲಿ ಊರಿನ ಗಂಟೆ ಬಾರಿಸಿದರು. ಅದು ವಾರಟಾ ಅಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು. ಆದರೂ ಆ ಸಾಲು ತಿದ್ದುವಾಗ ಕೈ ನಡುಗಿತು. ಆ ರಾತ್ರಿ ಮುಂದಿನ ದಿನದ ಪುಟ ತೆಗೆಯಲಿಲ್ಲ. ಅವರಿಗೆ ಒಂದು ರಾತ್ರಿ ಆ ಖುಷಿ ಇರಲಿ ಅನ್ನಿಸಿತು.

ಆಮೇಲಿನದು ಬೇಗ ಹೇಳುತ್ತೇನೆ. ಪ್ಯಾಂಡೋರಾ, ಫೋರ್ಟ್, ಹರ್ಮಿಸ್ ಅನ್ನುವ ಯುದ್ಧನೌಕೆಗಳು ಹುಡುಕಿದವು. ಸಬೈನ್ ಅನ್ನುವ ಹಡಗು ವೈಕಾಟೋ ತೇಲಿದ ದಾರಿ ಹಿಡಿದು 88 ದಿನ ಅಲೆಯಿತು. ಡಿಸೆಂಬರ್ 15ರಂದು ಲಂಡನ್ನಿನ ಹಡಗು ವಿಮೆಯ ಸಂಸ್ಥೆ ಲಾಯ್ಡ್ಸ್‌ನವರು 'ಕಾಣೆಯಾಗಿದೆ' ಎಂದು ಘೋಷಿಸಿದರು. ಅಷ್ಟಾದರೂ ಮನೆಯವರು ಬಿಡಲಿಲ್ಲ. 1910ರಲ್ಲಿ ವೇಕ್‌ಫೀಲ್ಡ್ ಅನ್ನುವ ಇನ್ನೊಂದು ಹಡಗು ಹೋಯಿತು. ಅದೂ ಬರಿಗೈಯಲ್ಲಿ ಬಂತು.

ಹಡಗು ಕಾಣೆಯಾದ ಬಗ್ಗೆ ಲಂಡನ್ನಿನಲ್ಲಿ ನಡೆದ ವಿಚಾರಣೆಯ ವರದಿಗಳನ್ನು ಬೇಕಂತಲೇ ಕೊನೆಗೆ ಇಟ್ಟುಕೊಂಡಿದ್ದೆ. ಕ್ಲಾಡ್ ಸಾಯರ್ ಅನ್ನುವ ಪ್ರಯಾಣಿಕ ಡರ್ಬನ್‌ನಲ್ಲೇ ಇಳಿದುಬಿಟ್ಟಿದ್ದ. ಹಡಗಿಗೆ ಮೇಲ್ಭಾರ ಜಾಸ್ತಿ ಅನ್ನಿಸಿತು, ಇಳಿದೆ ಅಂತ ಹೆಂಡತಿಗೆ ತಂತಿ ಕೊಟ್ಟಿದ್ದ. ಹಡಗು ಒಂದು ಕಡೆ ವಾಲಿದರೆ ಮತ್ತೆ ನೆಟ್ಟಗಾಗಲು ತುಂಬಾ ಹೊತ್ತು ಹಿಡಿಯುತ್ತಿತ್ತು ಅನ್ನುವುದು ಅವನ ಮಾತು. ದೋಣಿಯಲ್ಲಿ ಓಡಾಡಿದವರಿಗೆ ಇದು ಅರ್ಥವಾಗುತ್ತದೆ. ಭಾರ ಕೆಳಗಿದ್ದರೆ ದೋಣಿ ಫಕ್ಕನೆ ಎದ್ದು ನಿಲ್ಲುತ್ತದೆ, ಭಾರ ಮೇಲಿದ್ದರೆ ಯೋಚನೆ ಮಾಡುತ್ತಾ ಏಳುತ್ತದೆ. ಮುಂದೆ ನೊಬೆಲ್ ಪಡೆದ ವಿಜ್ಞಾನಿ ವಿಲಿಯಂ ಬ್ರ್ಯಾಗ್ ಕೂಡ ಅದೇ ಹಡಗಿನ ಹಿಂದಿನ ಪ್ರಯಾಣದಲ್ಲಿ ಇದ್ದವರು. ಅವರಿಗೂ ಸಮತೋಲನದ ಬಗ್ಗೆ ಸಂಶಯ ಇತ್ತು. ಆದರೆ ಹಡಗು ಚೆನ್ನಾಗಿಯೇ ಇತ್ತು ಅಂದ ಸಾಕ್ಷಿಗಳೂ ಕಡಿಮೆ ಇಲ್ಲ. ಜುಲೈ 28ರ ಬಿರುಗಾಳಿಯಲ್ಲಿ ಹೋಗಿರಬೇಕು ಅಂತ ವಿಚಾರಣೆಯವರು ತೀರ್ಮಾನಿಸಿದರು. ನನಗೂ ಅದೇ ಸರಿ ಅನ್ನಿಸುತ್ತದೆ. ಅಲ್ಲಿ ಅಗುಲ್ಹಾಸ್ ಅನ್ನುವ ಕಡಲೊಳಗಿನ ಪ್ರವಾಹ ನೈರುತ್ಯದ ಕಡೆ ಹರಿಯುತ್ತದೆ, ಗಾಳಿ ನೈರುತ್ಯದಿಂದ ಬಂದರೆ ಎರಡೂ ಡಿಕ್ಕಿಯಾಗಿ ಅಲೆ ಗೋಡೆಯ ಹಾಗೆ ಏಳುತ್ತದೆ. 1999ರಲ್ಲಿ ಹಡಗು ಸಿಕ್ಕಿತು ಅಂತ ಸುದ್ದಿಯಾಗಿತ್ತು. ಇಳಿದು ನೋಡಿದರೆ ಅದು ಎರಡನೇ ಮಹಾಯುದ್ಧದಲ್ಲಿ ಮುಳುಗಿದ ಬೇರೆ ಹಡಗು. ವಾರಟಾ ಇವತ್ತಿಗೂ ಸಿಕ್ಕಿಲ್ಲ.

ಈಗ ಯೊಂಗಾಲಾ ಹಿಡಿದಿದ್ದೇನೆ. 1911ರ ಮಾರ್ಚ್ 23ರಂದು ಕ್ವೀನ್ಸ್‌ಲ್ಯಾಂಡ್ ತೀರದಲ್ಲಿ ಚಂಡಮಾರುತಕ್ಕೆ ಸಿಕ್ಕಿದ ಹಡಗು, 122 ಜನ. ಇದರಲ್ಲೂ ವೈರ್‌ಲೆಸ್ ಇರಲಿಲ್ಲ. ನಿನ್ನೆ ರಾತ್ರಿ ಮಾರ್ಚ್ 25 ಮುಗಿಯಿತು. ಯಾವುದೋ ದ್ವೀಪದ ಮರೆಯಲ್ಲಿ ಲಂಗರು ಹಾಕಿ ನಿಂತಿರಬಹುದು ಅಂತ ಜನ ಇನ್ನೂ ನಂಬಿದ್ದಾರೆ.