ಹೋಗುವ ದಾರಿ ಬೆಂಗಳೂರು, ಬರುವ ದಾರಿ ಸಿಂಗಾಪುರ

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಪಾಠ ಹೇಳುವ ಸರ್ ಒಬ್ಬರು ನಮ್ಮ ಗಿರಾಕಿ. ಒಂದು ಸಂಜೆ ಫೋನ್ ಮಾಡಿದರು. "ನಾ ಹೇಳೋದು ಹುಡುಗರಿಗೆ ಚೊಲೋ ಕೇಳಸ್ತೈತ್ರಿ. ಅವ್ರು ಪ್ರಶ್ನೆ ಕೇಳಿದ್ರ ನನಗ ತುಂಡ ತುಂಡ ಬರ್ತೈತಿ. ಮುಂಜಾನೆ ಏನೂ ತ್ರಾಸಿಲ್ಲ, ಸಂಜಿ ಆತಂದ್ರ ಹಿಂಗ."

ಅರ್ಧ ಉತ್ತರ ಆ ಮಾತಿನಲ್ಲೇ ಇತ್ತು. ನನಗೆ ಅದು ಹೊಳೆಯಲು ಮೂರು ದಿನ ಬೇಕಾಯಿತು.

ಹುಬ್ಬಳ್ಳಿಯಲ್ಲಿ ನಮ್ಮದು ಸಣ್ಣ ಐಎಸ್‌ಪಿ, ಅಂದರೆ ಇಂಟರ್‌ನೆಟ್ ಸಂಪರ್ಕ ಕೊಡುವ ಕಂಪನಿ. ಹಲವು ಜಾಲಗಳು ಒಂದೆಡೆ ಸೇರುವ ಬೆಂಗಳೂರಿನ ಒಂದು ಎಕ್ಸ್‌ಚೇಂಜ್‌ನಲ್ಲಿ ಪೀರಿಂಗ್ (ಜಾಲಗಳ ನಡುವಿನ ನೇರ ಸಂಪರ್ಕ) ಇದೆ, ಉಳಿದ ಇಂಟರ್‌ನೆಟ್‌ಗೆಲ್ಲ ದಾರಿ ಕೊಡುವ ಎರಡು ಟ್ರಾನ್ಸಿಟ್ ಲಿಂಕ್ ಇವೆ. ಸರ್ ಬಳಸುವ ವಿಡಿಯೊ ಸರ್ವರಿನ ಜಾಲವೂ ಅದೇ ಎಕ್ಸ್‌ಚೇಂಜ್‌ನಲ್ಲಿದೆ. ಪ್ಯಾಕೆಟ್ (ಡೇಟಾದ ತುಣುಕು) ಯಾವ ಯಾವ ರೂಟರ್ ದಾಟಿ ಹೋಗುತ್ತದೆಂದು ತೋರಿಸುವ ಟ್ರೇಸ್‌ರೂಟ್ ಹಾಕಿದೆ. ಬೆಂಗಳೂರಿನ ನಮ್ಮ ರೂಟರ್‌ವರೆಗೆ 9 ಮಿಲಿಸೆಕೆಂಡ್, ಅದರ ಮುಂದಿನ ಹಾಪ್‌ನಲ್ಲಿ ಒಮ್ಮೆಲೇ 64. ಆ ಹಾಪ್ ವಿಡಿಯೊ ಜಾಲದವರ ರೂಟರ್. ತಪ್ಪು ಅವರದೇ ಎಂದುಕೊಂಡು ಅವರಿಗೆ ಮೇಲ್ ಹಾಕಿದೆ.

ಟ್ರೇಸ್‌ರೂಟ್ ತೋರಿಸುವುದು ಹೋಗುವ ದಾರಿಯನ್ನು ಮಾತ್ರ. ಸಮಯದಲ್ಲಿ ಮಾತ್ರ ಹೋಗಿ ಬರುವುದು ಎರಡೂ ಸೇರಿರುತ್ತದೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಹೋದವನು ಕಲಘಟಗಿ ಸುತ್ತಿ ಮನೆ ಸೇರಿದರೆ, ತಡವಾದದ್ದಕ್ಕೆ ಚಿಗರಿಯನ್ನು ದೂರಿದಂತಾಯಿತು ನನ್ನ ಕೆಲಸ. ಫೈಬರ್‌ನಲ್ಲಿ ಬೆಳಕು 1 ಮಿಲಿಸೆಕೆಂಡಿಗೆ ಸುಮಾರು 200 ಕಿ.ಮೀ. ಹೋಗುತ್ತದೆ. ಒಂದೇ ಊರಿನೊಳಗಿನ ಹಾಪ್‌ಗೆ 55 ಮಿಲಿಸೆಕೆಂಡ್ ಹೆಚ್ಚಾಯಿತೆಂದರೆ ಪ್ಯಾಕೆಟ್ ಎಲ್ಲೋ ಸಾವಿರಾರು ಕಿಲೋಮೀಟರ್ ಸುತ್ತಿ ಬಂದಿದೆ, ಅಥವಾ ಎಲ್ಲೋ ಸರತಿಯಲ್ಲಿ ಕಾದಿದೆ. ನಸುಕಿನ ಮೂರು ಗಂಟೆಗೂ ಅಷ್ಟೇ ಬಂತು. ಅಂದರೆ ಅದು ದೂರವೇ.

ಮೂರನೇ ದಿನ ಅವರ ಉತ್ತರ ಬಂತು. ಅವರ ಕಡೆಯಿಂದ ನಮ್ಮ ಕಡೆಗೆ ಹಾಕಿದ ಟ್ರೇಸ್‌ರೂಟ್ ಜೊತೆಗಿತ್ತು. ಬೆಂಗಳೂರಿನಿಂದ ಸಿಂಗಾಪುರ, ಅಲ್ಲಿ ನಮ್ಮ ಟ್ರಾನ್ಸಿಟ್ ಪೂರೈಕೆದಾರರ ಕೈಗೆ, ಮುಂಬೈ ಮೇಲೆ ಹುಬ್ಬಳ್ಳಿಗೆ. ಸರ್ ಅವರ ಧ್ವನಿ ನೆಟ್ಟಗೆ ಹೋಗುತ್ತಿತ್ತು. ಹುಡುಗರ ಧ್ವನಿ ಸಮುದ್ರ ದಾಟಿ, ಸಂಜೆ ತುಂಬಿ ತುಳುಕುವ ಲಿಂಕಿನಲ್ಲಿ ಪ್ಯಾಕೆಟ್ ಕಳೆದುಕೊಂಡು ಬರುತ್ತಿತ್ತು.

ಎಕ್ಸ್‌ಚೇಂಜ್‌ನಲ್ಲಿ ನಮ್ಮ ಪ್ರಿಫಿಕ್ಸ್ (ನಮ್ಮ ಐಪಿ ವಿಳಾಸಗಳ ಗುಂಪು) ಸಿಗುತ್ತಿರುವಾಗ ಅವರೇಕೆ ಸಿಂಗಾಪುರಕ್ಕೆ ಹೋಗಬೇಕು? ಅಲ್ಲಿ ಯಾವ ಪ್ರಿಫಿಕ್ಸ್‌ಗಳಿವೆ ಎಂದು ತೋರಿಸುವ ಎಕ್ಸ್‌ಚೇಂಜ್‌ನ ಲುಕಿಂಗ್ ಗ್ಲಾಸ್ ತೆರೆದು ನೋಡಿದಾಗ ನಮ್ಮ /22, ಅಂದರೆ ನಮ್ಮ ಇಡೀ ದೊಡ್ಡ ಗುಂಪು, ಒಂದೇ ಇತ್ತು. ಅದರೊಳಗಿನ ನಾಲ್ಕು ಸಣ್ಣ ಗುಂಪುಗಳಾದ /24 ಇರಲಿಲ್ಲ. ಒಬ್ಬರ ದಾರಿಗಳನ್ನು ಇನ್ನೊಬ್ಬರಿಗೆ ತಲುಪಿಸುವ ಎಕ್ಸ್‌ಚೇಂಜ್‌ನ ರೂಟ್ ಸರ್ವರ್ ಅವನ್ನು ಕೈಬಿಟ್ಟಿತ್ತು.

ಆ ನಾಲ್ಕನ್ನು ಹಿಂದೆ ನಾನೇ ಘೋಷಿಸಿದ್ದೆ, ಅಂದರೆ ಈ ವಿಳಾಸಗಳು ನಮ್ಮಲ್ಲಿವೆ ಎಂದು ಬೇರೆ ಜಾಲಗಳಿಗೆ ಸಾರಿದ್ದೆ, ಎರಡು ಟ್ರಾನ್ಸಿಟ್ ಲಿಂಕ್‌ಗಳಿಗೆ ಲೋಡ್ ಹಂಚಲು. ಆಗ ಎಲ್ಲ ಕಡೆಯೂ ನಡೆದಿತ್ತು. ಸರ್ ಫೋನ್ ಮಾಡುವ ಕೆಲವು ದಿನ ಮೊದಲು ನಮ್ಮ /22ಕ್ಕೆ ಆರ್‌ಒಎ (ಈ ವಿಳಾಸಗಳನ್ನು ಯಾವ ಜಾಲ ಘೋಷಿಸಬಹುದು ಎಂಬ ಸಹಿ ಮಾಡಿದ ದಾಖಲೆ) ಮಾಡಿಸಿದ್ದೆ, ಮ್ಯಾಕ್ಸ್‌ಲೆಂತ್ 22 ಎಂದು, ಅಂದರೆ /22ಕ್ಕಿಂತ ಸಣ್ಣ ಗುಂಪಿಗೆ ಅನುಮತಿ ಇಲ್ಲ ಎಂದು. ಆರ್‌ಒಎ ಇಲ್ಲದಿರುವಾಗ ಅಂಥ ದಾಖಲೆಗಳ ವ್ಯವಸ್ಥೆಯಾದ ಆರ್‌ಪಿಕೆಐ ಲೆಕ್ಕದಲ್ಲಿ ಆ /24ಗಳು 'ಗೊತ್ತಿಲ್ಲ' ಎಂಬ ಸ್ಥಿತಿಯಲ್ಲಿದ್ದವು, ಯಾರೂ ತಡೆಯುತ್ತಿರಲಿಲ್ಲ. ಆರ್‌ಒಎ ಬಂದ ಗಳಿಗೆಯಿಂದ ಅವು 'ಇನ್‌ವ್ಯಾಲಿಡ್' ಆದವು. ಎಕ್ಸ್‌ಚೇಂಜ್ ಅದನ್ನು ಪರೀಕ್ಷಿಸುತ್ತದೆ, ಬಿಸಾಕಿತು. ಟ್ರಾನ್ಸಿಟ್‌ನಲ್ಲಿ ಆ ಪರೀಕ್ಷೆ ಇರಲಿಲ್ಲ, ದಾಟಿಸಿಬಿಟ್ಟಿತು. ಆ ವಿಡಿಯೊ ಜಾಲಕ್ಕೆ ಎಕ್ಸ್‌ಚೇಂಜ್‌ನಿಂದ /22, ಟ್ರಾನ್ಸಿಟ್‌ನಿಂದ /24 ಸಿಗತೊಡಗಿತು. ಅವರು ಎಕ್ಸ್‌ಚೇಂಜ್ ದಾರಿಯ ಲೋಕಲ್ ಪ್ರಿಫರೆನ್ಸ್ (ಆದ್ಯತೆಯ ಅಂಕ) ಎಷ್ಟೇ ಏರಿಸಿಟ್ಟಿರಲಿ, ಅದು ಒಂದೇ ಪ್ರಿಫಿಕ್ಸಿನ ಎರಡು ದಾರಿಗಳ ನಡುವಿನ ಆಯ್ಕೆ. ಪ್ಯಾಕೆಟ್ ಕಳಿಸುವಾಗ ಹೆಚ್ಚು ನಿರ್ದಿಷ್ಟವಾದ, ಅಂದರೆ ಸಣ್ಣ ಗುಂಪಿನ, ಪ್ರಿಫಿಕ್ಸೇ ಗೆಲ್ಲುತ್ತದೆ.

ಮ್ಯಾಕ್ಸ್‌ಲೆಂತ್ 24 ಮಾಡಿಬಿಡು, ಐದು ನಿಮಿಷದ ಕೆಲಸ ಎಂದ ಗದಗದ ಗೆಳೆಯ. ನನಗೆ ಅದು ಸರಿ ಬರಲಿಲ್ಲ. ಮುಂದೆ ನಾವು /24ಗಳ ಘೋಷಣೆ ನಿಲ್ಲಿಸಿದ ಮೇಲೂ ಆ ಅನುಮತಿ ಹಾಗೇ ಉಳಿದರೆ, ನಮ್ಮ ಎಎಸ್ ಸಂಖ್ಯೆಯನ್ನು (ಜಾಲದ ಗುರುತಿನ ಸಂಖ್ಯೆ) ಪಾಥ್‌ನ, ಅಂದರೆ ದಾರಿಯಲ್ಲಿರುವ ಜಾಲಗಳ ಪಟ್ಟಿಯ, ಕೊನೆಗೆ ಸೇರಿಸಿ ಬೇರೆಯವರು ಅವನ್ನು ಘೋಷಿಸಿದರೂ 'ವ್ಯಾಲಿಡ್' ಆಗುತ್ತದೆ. 2022ರ ಆರ್‌ಎಫ್‌ಸಿ 9319 ಎಂಬ ಇಂಟರ್‌ನೆಟ್ ಮಾರ್ಗಸೂಚಿ ಮ್ಯಾಕ್ಸ್‌ಲೆಂತ್ ಬಳಕೆಯನ್ನು ಆದಷ್ಟು ತಪ್ಪಿಸಿ ಎನ್ನುವುದು ಈ ಕಾರಣಕ್ಕೇ. ಅದೂ ಅಲ್ಲದೆ ಎರಡೂ ಲಿಂಕ್ ಈಗ ದೊಡ್ಡವಾಗಿವೆ, ಲೋಡ್ ಹಂಚುವ ಅಗತ್ಯವೇ ಇಲ್ಲ. /24ಗಳನ್ನೇ ತೆಗೆಯುವುದು ಸರಿಯಾದ ದಾರಿ.

ಮರುದಿನ ನಸುಕಿನಲ್ಲಿ ಸಪ್ತಾಪುರದ ಗಿರಾಕಿಗಳಿರುವ ಒಂದು /24 ಮಾತ್ರ ಹಿಂತೆಗೆದೆ. ಕೆಲವೇ ನಿಮಿಷಗಳಲ್ಲಿ ಆ 64, 11ಕ್ಕೆ ಇಳಿಯಿತು. ಟ್ರಾನ್ಸಿಟ್ ಗ್ರಾಫ್ ಅರ್ಧ ತಾಸು ನೋಡಿ ಉಳಿದ ಮೂರನ್ನೂ ತೆಗೆದೆ.

ಈ ಹುಡುಕಾಟದಲ್ಲಿ ಒಂದು ಅಪಾಯ ಸ್ವಲ್ಪದರಲ್ಲಿ ತಪ್ಪಿತ್ತು. ಟ್ರಾನ್ಸಿಟ್ ಪೋರ್ಟ್‌ನಲ್ಲಿ ಯುಆರ್‌ಪಿಎಫ್ (ಸುಳ್ಳು ಸೋರ್ಸ್ ವಿಳಾಸದ ಪ್ಯಾಕೆಟ್ ತಡೆಯುವ ಪರೀಕ್ಷೆ) ಅನ್ನು ಸ್ಟ್ರಿಕ್ಟ್ ಮಾಡುವ ಯೋಚನೆ ನನಗಿತ್ತು. ಮಾಡಿದ್ದರೆ, ಎಕ್ಸ್‌ಚೇಂಜ್ ಕಡೆ ದಾರಿ ಇರುವ ಸೋರ್ಸ್ ವಿಳಾಸ ಟ್ರಾನ್ಸಿಟ್‌ನಿಂದ ಬಂತೆಂದು ನಮ್ಮ ರೂಟರ್ ಆ ಪ್ಯಾಕೆಟ್‌ಗಳನ್ನೆಲ್ಲ ಬಿಸಾಕುತ್ತಿತ್ತು, ಕ್ಲಾಸ್ ಪೂರ್ತಿ ನಿಲ್ಲುತ್ತಿತ್ತು. ಒಂದಕ್ಕಿಂತ ಹೆಚ್ಚು ದಾರಿ ಇರುವ ಪೋರ್ಟ್‌ನಲ್ಲಿ ಲೂಸ್ ಇರಲಿ, ಆ ವಿಳಾಸಕ್ಕೆ ಯಾವ ಕಡೆಯಿಂದಾದರೂ ದಾರಿ ಇದ್ದರೆ ಅದಕ್ಕೆ ಸಾಕು.

ಎಲ್ಲ ಅಸಮ ದಾರಿಗಳನ್ನೂ ನಾನು ಸರಿಪಡಿಸಿಲ್ಲ. ಇನ್ನೂ ಕೆಲವು ಜಾಲಗಳಿಗೆ ಎಕ್ಸ್‌ಚೇಂಜ್ ಮೂಲಕ ಹೋಗಿ ಮುಂಬೈ ಟ್ರಾನ್ಸಿಟ್ ಮೂಲಕ ಬರುತ್ತದೆ. ನಾಲ್ಕೈದು ಮಿಲಿಸೆಕೆಂಡಿನ ವ್ಯತ್ಯಾಸ, ಲಾಸ್ ಇಲ್ಲ. ಅವನ್ನು ಹಾಗೇ ಬಿಟ್ಟಿದ್ದೇನೆ. ನಾವು ಘೋಷಿಸುವ ಪ್ರತಿ ಪ್ರಿಫಿಕ್ಸನ್ನು ಆರ್‌ಒಎ ಜೊತೆ ತಾಳೆ ನೋಡುವ ಸ್ಕ್ರಿಪ್ಟ್ ಈಗ ದಿನಾ ಬೆಳಿಗ್ಗೆ ಆರಕ್ಕೆ ಓಡುತ್ತದೆ.

ಅವತ್ತು ಸಂಜೆ ಏಳಕ್ಕೆ ಸರ್‌ಗೆ ನಾನೇ ಫೋನ್ ಮಾಡಿದೆ. "ಪಾಠ ನಡದೈತ್ರಿ, ಆಮ್ಯಾಲೆ ಮಾತಾಡ್ತೀನಿ" ಎಂದು ಇಟ್ಟರು. ಹಿಂದೆ ಹುಡುಗಿಯೊಬ್ಬಳು ಪ್ರಶ್ನೆ ಕೇಳುತ್ತಿದ್ದದ್ದು ನನಗೂ ಪೂರ್ತಿ ಕೇಳಿಸಿತು.