ತಾರಸಿಯ ದಿನದಿಂದ ಹಿಂದಕ್ಕೆ ಎಣಿಸಿ

ಮನೆ ಕಟ್ಟುವವರು ಸಾಮಾನ್ಯವಾಗಿ ಗುದ್ದಲಿ ಪೂಜೆಯಿಂದ ಲೆಕ್ಕ ಆರಂಭಿಸುತ್ತಾರೆ. ಮಳೆ, ಬಿಸಿಲು ಎರಡೂ ವಾಡಿಕೆ ಮೀರುತ್ತಿರುವ ಈ ದಿನಗಳಲ್ಲಿ ತಾರಸಿ ಹಾಕುವ ದಿನವನ್ನು ಮೊದಲು ಗೊತ್ತುಮಾಡಿಕೊಂಡು, ಅಲ್ಲಿಂದ ಹಿಂದಕ್ಕೆ ಎಣಿಸುವುದು ಮೇಲು.

ಮೊದಲಿಗೆ ನಿಮ್ಮ ಸೀಮೆಯ ಗಡುವನ್ನು ಗುರುತಿಸಿಕೊಳ್ಳಿ. ಕರಾವಳಿಗೆ ಮುಂಗಾರು ಜೂನ್ ಮೊದಲ ವಾರ ಬರುವುದು ವಾಡಿಕೆಯಾದರೂ, 2025ರಲ್ಲಿ ಅದು ಮೇ 24ರಂದೇ ಕೇರಳ ಮುಟ್ಟಿ, ತಡಮಾಡದೆ ನಮ್ಮ ಕರಾವಳಿಯನ್ನೂ ಆವರಿಸಿತು. ಆದ್ದರಿಂದ ಉಡುಪಿ, ಮಂಗಳೂರು ಕಡೆಯವರು ಕೆಂಪುಕಲ್ಲಿನ ಗೋಡೆ ಬೇಗ ಮುಗಿಸಿ, ಏಪ್ರಿಲ್ ಕೊನೆಯೊಳಗೆ ತಾರಸಿ ಹಾಕಿಸುವುದು ಕ್ಷೇಮ.

ಆಮೇಲೆ ಕಾಯಬೇಕಾದ ದಿನಗಳನ್ನು ಸೇರಿಸಿ. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಾದರೆ, ಗೋಡೆಯಿಂದ ಗೋಡೆಗೆ ನಾಲ್ಕೂವರೆ ಮೀಟರ್‌ವರೆಗಿನ ತಾರಸಿಯ ಆಧಾರ ಕಂಬಗಳನ್ನು ಕನಿಷ್ಠ 7 ದಿನ, ಅದಕ್ಕಿಂತ ಅಗಲವಿದ್ದರೆ 14 ದಿನ ತೆಗೆಯಬಾರದೆಂದು ಕಾಂಕ್ರೀಟಿನ ಭಾರತೀಯ ಮಾನಕವಾದ ಐಎಸ್ 456 ಹೇಳುತ್ತದೆ. ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟಿಗೆ ಇನ್ನಷ್ಟು ದಿನ ಬೇಕು. ಕ್ಯೂರಿಂಗ್, ಅಂದರೆ ಕಾಂಕ್ರೀಟನ್ನು ನೀರಿನಿಂದ ಒದ್ದೆಯಾಗಿಡುವುದು ಕೂಡ 10 ದಿನಕ್ಕೆ ಕಡಿಮೆಯಾಗಬಾರದು.

ಕಲಬುರಗಿ, ರಾಯಚೂರಿನಲ್ಲಿ ಶತ್ರು ಬಿಸಿಲು. ತಾಪಮಾನ 40 ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಜಲ್ಲಿಯನ್ನು ಅಂಗೈಯಲ್ಲಿ ಹಿಡಿದು ನೋಡಿ, ಬಿಸಿ ತಾಳಲಾಗದು. ಅದೇ ಜಲ್ಲಿ ಕಾಂಕ್ರೀಟಿನ ನೀರನ್ನು ಹೀರಿ, ಕೆಲವೇ ಗಂಟೆಗಳಲ್ಲಿ ಮೇಲ್ಮೈ ಒಣಗಿದ ಕೆರೆಯಂಗಳದಂತೆ ಬಿರಿಯುತ್ತದೆ. ಹಿಂದಿನ ರಾತ್ರಿಯೇ ಜಲ್ಲಿ ರಾಶಿಗೆ ನೀರು ಹೊಡೆದು, ನಸುಕಿನಲ್ಲಿ ಕೆಲಸ ಹಚ್ಚಬೇಕು. ಬೇಸಿಗೆಯಲ್ಲಿ ಅಲ್ಲಿನ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವುದುಂಟು, ಗಾರೆ ಕೆಲಸದವರಿಗೂ ಅದೇ ನ್ಯಾಯ ಸಲ್ಲಬೇಕಲ್ಲವೇ?

ಬೆಂಗಳೂರಿನ ಚಿಂತೆಯೇ ಬೇರೆ. ಅಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಮಳೆ ಜೋರು. ಆಗ ಪಾಯ ತೋಡಿದರೆ ಗುಂಡಿ ಕೆರೆಯಾಗುತ್ತದೆ. ಬೇಸಿಗೆಗೆ ಮುಂದೂಡಿದರೆ ನೀರಿನ ತಾಪತ್ರಯ: 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕಟ್ಟಡ ಕೆಲಸಕ್ಕೆ ಕುಡಿಯುವ ನೀರು ಬಳಸುವುದನ್ನೇ ನಿಷೇಧಿಸಿತ್ತು. ಕ್ಯೂರಿಂಗ್‌ಗೆಂದು ಸಾವಿರ ಚದರಡಿ ತಾರಸಿಯ ಮೇಲೆ ಬದು ಕಟ್ಟಿ ಎರಡಂಗುಲ ನೀರು ನಿಲ್ಲಿಸಲು ಒಂದು ಸಲಕ್ಕೇ ಸುಮಾರು 4,700 ಲೀಟರ್ ಬೇಕಾಗುವುದರಿಂದ, ಈ ಲೆಕ್ಕ ಮುಗಿಸಿಯೇ ದಿನ ಗೊತ್ತುಮಾಡಿ.

ಕೊನೆಯದಾಗಿ, ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ, ಇಡೀ ತಾರಸಿ ಮುಚ್ಚುವಷ್ಟು ಟಾರ್ಪಾಲು ತರಿಸಿಡಿ. ಹಸಿ ಕಾಂಕ್ರೀಟಿನ ಮೇಲೆ ಮಳೆ ಸುರಿದರೆ ಮೇಸ್ತ್ರಿ ಒಣ ಸಿಮೆಂಟು ಉದುರಿಸಿ ತೇಪೆ ಹಚ್ಚಲು ಹೊರಡಬಹುದು; ಬಿಡಬೇಡಿ, ಆ ಪದರ ಮುಂದೆ ಚಕ್ಕೆಯಾಗಿ ಎದ್ದುಬರುತ್ತದೆ.