ವಾದಿ ರಮ್‌ಗೆ ಹೊರಟಿದ್ದೀರಾ? ಚೀಲದಲ್ಲಿ ಒಂದು ಕಂಬಳಿ ಇರಲಿ

ಮರಳುಗಾಡು ಅಂದರೆ ಬರೀ ಸೆಕೆ ಅಂತ ನಾವೂ ಅಂದುಕೊಂಡಿದ್ದೆವು. ಜನವರಿಯಲ್ಲಿ ಜೋರ್ಡಾನ್‌ನ ವಾದಿ ರಮ್‌ಗೆ ಹೊರಟಾಗ ನಮ್ಮ ಮನೆಯವರು ಸ್ವೆಟರನ್ನು ಚಳ್ಳಕೆರೆಯಲ್ಲೇ ಬಿಟ್ಟು ಬಂದರು. ರಾತ್ರಿ ಹಲ್ಲು ಕಟಕಟ! ಸುಮ್ನೆ ಇರಲಿ ಅಂತ ನಾನು ತುರುಕಿದ್ದ ಕುರಿ ಕಂಬಳಿಯಲ್ಲೇ ಇಬ್ಬರೂ ಬೆಳಗು ಮಾಡಿದೆವು. ನೀವು ಮಾರ್ಚ್, ಏಪ್ರಿಲ್ ಇಲ್ಲವೇ ಅಕ್ಟೋಬರ್‌ನಲ್ಲಿ ಹೋಗಿ.

ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ಜೋರ್ಡಾನ್ ಪಾಸ್ ಕೊಳ್ಳಿ. ಕನಿಷ್ಠ 3 ರಾತ್ರಿ ತಂಗಿದರೆ ವೀಸಾ ಶುಲ್ಕ ಕಟ್ಟಬೇಕಿಲ್ಲ. ಬಂಡೆಯಲ್ಲಿ ಕೊರೆದ ಹಳೆ ನಗರ ಪೆಟ್ರಾ, ವಾದಿ ರಮ್ ಎರಡರ ಪ್ರವೇಶವೂ ಅದರಲ್ಲೇ ಬರುತ್ತದೆ. ಜೋರ್ಡಾನ್‌ನ ಬಂದರು ಊರು ಅಕಾಬಾದಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ. ರಮ್ ಹಳ್ಳಿಯಿಂದ ಮುಂದಕ್ಕೆ ಕ್ಯಾಂಪಿನವರ ಜೀಪು. ಎಷ್ಟು ಗಂಟೆ, ಎಲ್ಲೆಲ್ಲಿ, ಎಷ್ಟು ದುಡ್ಡು, ಹತ್ತುವ ಮೊದಲೇ ಮಾತಾಡಿಕೊಳ್ಳಿ. ಖಜಾಲಿ ಕಮರಿ ಬಿಡಬೇಡಿ, ಹಳೆ ಕಾಲದವರು ಬಂಡೆಯಲ್ಲಿ ಕೆತ್ತಿದ ಮನುಷ್ಯರು, ಅಕ್ಷರಗಳು ಅಲ್ಲಿವೆ.

ಕ್ಯಾಂಪ್ ಆರಿಸುವಾಗ ಮೇಕೆ ಕೂದಲಿನ ಡೇರೆ ಇದೆಯಾ ಅಂತ ಕೇಳಿ. ಈಗ ಗುಳ್ಳೆಯಂಥ ಪಾರದರ್ಶಕ ಕೋಣೆಗಳು ಜಾಸ್ತಿ. ಅದಕ್ಕೆ ಅಷ್ಟು ದೂರ ಹೋಗಬೇಕಾ? ಮರಳುಗಾಡಿನ ಅರಬ್ ಬುಡಕಟ್ಟಿನವರಾದ ಬೆಡೂಯಿನ್ನರು ತಮ್ಮ ಕರಿ ಡೇರೆಯನ್ನು ‘ಬೈತ್ ಅಲ್ ಶಅರ್’ ಅನ್ನುತ್ತಾರೆ, ಕೂದಲಿನ ಮನೆ ಅಂತ. ಕಂಬಳಿ ನೇಯುವ ಮನೆಯವಳು ನಾನು, ಒಳಗೆ ಹೋದವಳೇ ಅಂಚು ತಿರುವಿ ನೋಡಿದೆ. ಉದ್ದುದ್ದ ಪಟ್ಟಿಗಳನ್ನು ಸೇರಿಸಿ ಹೊಲಿದಿದ್ದಾರೆ. ನಮ್ಮ ಮನೆಯಲ್ಲಿ ಹೆಂಗಸರು ನೂಲುತ್ತೇವೆ, ಗಂಡಸರು ನೇಯುತ್ತಾರೆ. ಅಲ್ಲಿ ನೆಲದ ಮೇಲೆ ಚಾಚಿದ ಮಗ್ಗದಲ್ಲಿ ನೇಯುವವರೂ ಹೆಂಗಸರೇ. ನಾವು ಹುಣಸೆ ಬೀಜದ ಗಂಜಿ ಹಾಕಿ ಕಂಬಳಿಯನ್ನು ಗಟ್ಟಿ ಮಾಡುತ್ತೇವೆ. ಇವರಿಗೆ ಕೂದಲೇ ಸಾಕು. ಒಣಗಿದ್ದಾಗ ಎಳೆಗಳ ನಡುವೆ ಗಾಳಿಯಾಡುತ್ತದೆ, ಮಳೆ ಬಿದ್ದರೆ ಕೂದಲು ಉಬ್ಬಿ ಸಂದು ಮುಚ್ಚಿಕೊಳ್ಳುತ್ತದೆ.

ಬಂಡೆ ಹತ್ತುವಾಗ ಹುಷಾರು. ನಮ್ಮ ಚಿತ್ರದುರ್ಗದ ಗಟ್ಟಿ ಕಲ್ಲಿನ ನೆಚ್ಚಿಕೆಯಲ್ಲಿ ಕಾಲಿಟ್ಟು ನಾನು ಮೊಣಕಾಲು ತರಚಿಕೊಂಡೆ. ಅಲ್ಲಿ ಗ್ರಾನೈಟ್ ಇರುವುದು ಬುಡದಲ್ಲಿ, ಮೇಲಿರುವುದು ಉದುರುವ ಮರಳುಗಲ್ಲು.

ರಾತ್ರಿಯೂಟ ‘ಜರ್ಬ್’. ಮರಳಿನ ಗುಂಡಿಯಲ್ಲಿ ಕೆಂಡ, ಅದರ ಮೇಲೆ ಮಾಂಸ, ತರಕಾರಿಯ ತಟ್ಟೆಗಳನ್ನಿಟ್ಟು ಮುಚ್ಚಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಮಾಂಸ ತಿನ್ನದವರು ಬುಕ್ ಮಾಡುವಾಗಲೇ ಹೇಳಿಬಿಡಿ. ಅಲ್ಲಿ ಹೋಗಿ ಹೇಳಿದರೆ ರೊಟ್ಟಿ, ಹಮ್ಮಸ್‌ನಲ್ಲೇ (ಕಡಲೆಕಾಳು ಬೇಯಿಸಿ ಅರೆದ ಚಟ್ನಿ) ಹೊಟ್ಟೆ ತುಂಬಿಸಿಕೊಳ್ಳಬೇಕು. ಹೆಂಗಸರ ಫೋಟೋ ಕೇಳದೆ ತೆಗೆಯಬೇಡಿ.

ಏಲಕ್ಕಿ ಹಾಕಿದ ಕಾಫಿ ಪುಟ್ಟ ಬಟ್ಟಲಲ್ಲಿ ಒಂದೆರಡು ಗುಟುಕು ಕೊಡುತ್ತಾರೆ. ಬಲಗೈಯಲ್ಲಿ ತಗೊಳ್ಳಿ. ಖಾಲಿ ಮಾಡಿ ಸುಮ್ಮನೆ ಕೈಚಾಚಿದರೆ ಮತ್ತೆ ಸುರಿಯುತ್ತಾರೆ. ನಾನು ಹಾಗೇ ನಾಲ್ಕು ಸಲ ಕುಡಿದೆ. ಐದನೆಯದಕ್ಕೆ ಪಕ್ಕದಲ್ಲಿದ್ದ ಅಜ್ಜ ನಗುತ್ತಾ ತನ್ನ ಬಟ್ಟಲನ್ನು ಮಣಿಕಟ್ಟಿನಿಂದ ಚೂರು ಅಲ್ಲಾಡಿಸಿ ತೋರಿಸಿದರು. ಸಾಕು ಅನ್ನುವುದಕ್ಕೆ ಅದೇ ಸನ್ನೆಯಂತೆ.